ಮೂರು ವರ್ಷ ಪಾಲಿಕ್ರೋಮೋಸ್ ಪೆನ್ಸಿಲ್‌ನಲ್ಲಿ ನಾಯಿಗಳನ್ನು ಬಿಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಬಣ್ಣದ ಪೆನ್ಸಿಲ್ ನನಗೆ ತುಂಬಾ ಇಷ್ಟ. ಆದರೆ ನೀವು ತೆಗೆದುಕೊಳ್ಳುವುದಾದರೆ ದೊಡ್ಡ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಒಳ್ಳೆಯ ಕಾಗದಕ್ಕೆ ದುಡ್ಡು ಹಾಕಿ.

ನಾನು ತುಮಕೂರಿನವಳು. ವಾರಪೂರ್ತಿ ಬೆಂಗಳೂರಿಗೆ ರೈಲಿನಲ್ಲಿ ಓಡಾಟ. ಹಾಗಾಗಿ ಚಿತ್ರಕ್ಕೆ ಸಿಗುವುದು ಭಾನುವಾರ, ಮತ್ತೆ ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಬಿಡಿಸುವುದು ನಾಯಿಗಳ ಮುಖ ಮಾತ್ರ. ನಮ್ಮ ಬೀದಿಯವು, ನೆಂಟರ ಮನೆಯ ಲ್ಯಾಬ್ರಡಾರ್, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ಮುಂದೆ ಮಲಗಿರುತ್ತಿದ್ದ ಒಂದು ಕಂದು ಹೆಣ್ಣುನಾಯಿ, ಹೀಗೆ ಇಲ್ಲಿವರೆಗೆ 19 ಮುಗಿಸಿದ್ದೇನೆ. ಎ4 ಅಳತೆಯ ಒಂದು ಮುಖಕ್ಕೆ 25 ರಿಂದ 30 ಗಂಟೆ ಹಿಡಿಯುತ್ತದೆ.

ಪಾಲಿಕ್ರೋಮೋಸ್ ಜರ್ಮನಿಯ ಫೇಬರ್-ಕ್ಯಾಸ್ಟೆಲ್ ಕಂಪನಿಯದು. 1908ರಿಂದ ಇದೆ. ಒಟ್ಟು 120 ಬಣ್ಣ. ಒಳಗಿನ ಕಡ್ಡಿ 3.8 ಮಿಲಿಮೀಟರ್ ದಪ್ಪ, ಅದರಲ್ಲಿ ಎಣ್ಣೆ ಬೆರೆತಿರುತ್ತದೆ. ಮೇಣ ಜಾಸ್ತಿ ಇರುವ ಪೆನ್ಸಿಲ್‌ಗಿಂತ ಸ್ವಲ್ಪ ಗಟ್ಟಿ. ನಾಯಿ ಬಿಡಿಸುವವರಿಗೆ ಬೇಕಾಗಿರುವುದು ಈ ಗಟ್ಟಿತನವೇ, ಯಾಕಂದರೆ ಚೂಪಾದ ತುದಿ ಬೇಗ ಮೊಂಡಾಗುವುದಿಲ್ಲ, ಒಂದು ಸಲ ಮೆಂಡರ್‌ಗೆ ಹಾಕಿದರೆ ಹಣೆಯ ಮೇಲಿನ ಕೂದಲನ್ನು ಒಂದೊಂದಾಗಿ ಎಳೆಯುತ್ತಾ ತುಂಬಾ ಹೊತ್ತು ಕೂರಬಹುದು.

ಇದಕ್ಕೆ ಮೊದಲು ನನ್ನ ಹತ್ತಿರ ಮೇಣದ ಪೆನ್ಸಿಲ್‌ಗಳ ಒಂದು ಸೆಟ್ ಇತ್ತು. ಬಣ್ಣ ಬೆಣ್ಣೆ ಸವರಿದ ಹಾಗೆ ಇಳಿಯುತ್ತಿತ್ತು, ಅದು ನಿಜವಾಗಲೂ ಖುಷಿಯ ವಿಷಯ. ಆದರೆ ಕಪ್ಪು ನಾಯಿಯೊಂದನ್ನು ಒತ್ತಿ ಒತ್ತಿ ಬಿಡಿಸಿ ಇಟ್ಟಿದ್ದೆ, ಎರಡು ಮೂರು ವಾರ ಬಿಟ್ಟು ನೋಡಿದರೆ ಮೇಲೆಲ್ಲಾ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಹಾಳಾಯಿತು ಅಂತ ಅಳುವೇ ಬಂತು. ಆಮೇಲೆ ಗೊತ್ತಾಯಿತು, ದಪ್ಪಗೆ ಹಚ್ಚಿದರೆ ಮೇಣ ನಿಧಾನವಾಗಿ ಮೇಲಕ್ಕೆ ಬರುತ್ತದೆ, ಅಷ್ಟೇ. ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಹೋಗುತ್ತದೆ. ಪಾಲಿಕ್ರೋಮೋಸ್‌ನಲ್ಲಿ ಈ ಮೂರು ವರ್ಷದಲ್ಲಿ ಒಂದು ಸಲವೂ ಹಾಗಾಗಿಲ್ಲ.

ಈಗ ಕಾಗದ. ಮೊದಲ ನಾಲ್ಕು ಚಿತ್ರ ಮಾಮೂಲಿ ಡ್ರಾಯಿಂಗ್ ಬುಕ್‌ನಲ್ಲಿ ಬಿಡಿಸಿದೆ. ನಾಲ್ಕನೇ ಪದರಕ್ಕೆ ಕಾಗದ ಜಾರೋಕೆ ಶುರುವಾಗುತ್ತಿತ್ತು, ಮೇಲೆ ಏನು ಹಚ್ಚಿದರೂ ಹತ್ತುತ್ತಿರಲಿಲ್ಲ, ನಾನು ಪೆನ್ಸಿಲ್ಲೇ ಸರಿಯಿಲ್ಲ ಅಂದುಕೊಂಡಿದ್ದೆ. ಪೆನ್ಸಿಲ್‌ದು ಏನೂ ತಪ್ಪಿರಲಿಲ್ಲ. ಕಾಗದದ ಮೇಲಿನ ಸಣ್ಣ ತರಿಯೇ ಬಣ್ಣವನ್ನು ಹಿಡಿದುಕೊಳ್ಳುವುದು, ಅದು ತುಂಬಿಹೋದರೆ ಮುಗಿಯಿತು. 300 ಜಿಎಸ್‌ಎಂ ಹಾಟ್ ಪ್ರೆಸ್ ಕಾಗದಕ್ಕೆ, ಅಂದರೆ ದಪ್ಪನೆಯ, ಸಣ್ಣ ತರಿಯ ಕಾಗದಕ್ಕೆ ಬಂದ ಮೇಲೆ ಇದೇ ಪೆನ್ಸಿಲ್ ಹತ್ತು ಹನ್ನೆರಡು ಪದರ ಆರಾಮಾಗಿ ತಗೊಂಡಿತು. ಹೊಸಬರಿಗೆ ಒಂದೇ ಮಾತು ಹೇಳೋದಾದರೆ, ಒತ್ತಬೇಡಿ. ಪೆನ್ಸಿಲ್‌ನ ಭಾರವೇ ಸಾಕು.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ. ಅವರ ನಾಯಿ ಕರಿಯ ಹದಿಮೂರು ವರ್ಷ ಬದುಕಿ ಹೋದ ವರ್ಷ ತೀರಿಕೊಂಡ. ತಿಂಗಳಾದ ಮೇಲೆ ಮೇಷ್ಟ್ರು ಫೋನ್ ಹಿಡಿದುಕೊಂಡು ಬಂದು ಒಂದು ಫೋಟೋ ತೋರಿಸಿದರು. "ನೋಡಮ್ಮ, ಕೊನೆಕೊನೆಗೆ ಇವನ ಮೂತಿ ನರೆತಿತ್ತು. ಚೆನ್ನಾಗಿ ಕಾಣಲಿ ಅಂತ ಅದನ್ನ ಕಪ್ಪು ಮಾಡಿಬಿಡಬೇಡ" ಅಂದರು. "ಇಲ್ಲ ಮೇಷ್ಟ್ರೇ, ಹೇಗಿದ್ದನೋ ಹಾಗೇ ಬಿಡಿಸ್ತೀನಿ" ಅಂದೆ.

ಕಪ್ಪು ನಾಯಿಗೆ ಕಪ್ಪು ಪೆನ್ಸಿಲ್ ಬೇಕಾಗುವುದು ಕೊನೆಗೆ. ಇದನ್ನು ಕರಿಯನೇ ನನಗೆ ಕಲಿಸಿದ್ದು. ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಬೆನ್ನಿನ ಮೇಲೆ ಆಕಾಶದ ನೀಲಿ ಇತ್ತು, ಕಿವಿಯ ಅಂಚಿನಲ್ಲಿ ಬಿಸಿಲು ಬಿದ್ದ ಕಡೆ ಕೆಂಗಂದು ಇತ್ತು, ಕುತ್ತಿಗೆ ಮಡಿಕೆಯಲ್ಲಿ ಮಾತ್ರ ನಿಜವಾದ ಕಪ್ಪು. ಹಾಗಾಗಿ ಮೊದಲು 157 ಡಾರ್ಕ್ ಇಂಡಿಗೋ (ಇದು ಪೆನ್ಸಿಲ್ ಮೇಲಿರುವ ಬಣ್ಣದ ನಂಬರ್) ಹಗುರವಾಗಿ, ಅದರ ಮೇಲೆ 177 ವಾಲ್‌ನಟ್ ಬ್ರೌನ್, ಆಮೇಲೆ 175 ಡಾರ್ಕ್ ಸೆಪಿಯಾ ಅನ್ನುವ ಕಡುಗಂದು. 199 ಕಪ್ಪು ಬಂದಿದ್ದು ಎಲ್ಲಾ ಆದ ಮೇಲೆ, ಅದೂ ಬೇಕಾದ ಕಡೆ ಮಾತ್ರ. ಬರೀ ಕಪ್ಪಿನಲ್ಲೇ ತುಂಬಿದ್ದರೆ ಕಾಗದಕ್ಕೆ ತೂತು ಬಿದ್ದ ಹಾಗೆ ಕಾಣುತ್ತಿತ್ತು.

ಕೂದಲು ಎಳೆಯುವಾಗ ದಿಕ್ಕು ತಪ್ಪಿದರೆ ಯಾವ ಪೆನ್ಸಿಲ್ಲೂ ಕಾಪಾಡುವುದಿಲ್ಲ. ಮೂಗಿನ ಹತ್ತಿರ ಕೂದಲು ತೀರಾ ಗಿಡ್ಡ. ಅಲ್ಲಿಂದ ಹೊರಟು ಎರಡು ಕಣ್ಣಿನ ನಡುವೆ ಮೇಲಕ್ಕೆ ಹತ್ತಿ, ಹಣೆ ಮೇಲೆ ಬೀಸಣಿಗೆ ಥರ ಎರಡೂ ಕಡೆ ಬಿಚ್ಚಿಕೊಂಡು, ಕೆನ್ನೆ ಕಡೆಗೆ ಇಳಿಯುತ್ತದೆ. ನಾನು ಮೊದಲು ಬೇರೆ ಹಾಳೆಯಲ್ಲಿ ಸುಮ್ನೆ ಬಾಣದ ಗುರುತು ಹಾಕಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಮೂಗಿನಿಂದ ಹಿಂದಕ್ಕೆ ಕೈಯಾಡಿಸಿ ನೋಡಿ, ಬೆರಳಿಗೇ ಗೊತ್ತಾಗುತ್ತದೆ.

ಕರಿಯನ ಕಣ್ಣಿಗೆ ಒಂದು ಇಡೀ ಭಾನುವಾರ ಹೋಯಿತು. ಒಳಗೆ 187 ಬರ್ನ್ಟ್ ಓಕರ್, ಅಂಚಿಗೆ ಸೆಪಿಯಾ, ಮೇಲಿನ ರೆಪ್ಪೆಯ ನೆರಳು ಬೀಳುವ ಕಡೆ ಇನ್ನೂ ಗಾಢ. ಹೊಳಪಿನ ಚುಕ್ಕೆಯನ್ನು ಹಚ್ಚಲಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಂಡೆ. ಅದರ ಸುತ್ತ ಎಳೆಯಷ್ಟು ನೀಲಿ ಹಾಕಿದ ಮೇಲೆ ಕಣ್ಣು ಒದ್ದೆ ಅನ್ನಿಸಿತು.

ಇನ್ನು ಕಷ್ಟದ ಸಂಗತಿ. ಎಣ್ಣೆ ಬೆರೆತ ಪೆನ್ಸಿಲ್‌ಗಳಲ್ಲಿ ಗಾಢ ಬಣ್ಣದ ಮೇಲೆ ಬಿಳಿ ಎದ್ದು ಕಾಣುವುದಿಲ್ಲ. ನರೆತ ಮೂತಿ, ಮೀಸೆ ಇವೆಲ್ಲಾ ಮೊದಲೇ ಯೋಚಿಸಿ ಬಿಟ್ಟುಕೊಳ್ಳಬೇಕು. ಮೀಸೆಗೆ ನಾನು ಮಾಡುವುದು ಇಷ್ಟು: ಇಂಕು ಮುಗಿದ ಬಾಲ್‌ಪೆನ್‌ನಿಂದ ಬಣ್ಣ ಹಚ್ಚುವ ಮೊದಲೇ ಕಾಗದದ ಮೇಲೆ ಒತ್ತಿ ಗೀರು ಎಳೆಯುತ್ತೇನೆ. ಆಮೇಲೆ ಮೇಲೆ ಬಣ್ಣ ಆಡಿಸಿದರೆ ಆ ಗೀರಿಗೆ ಬಣ್ಣ ಇಳಿಯುವುದಿಲ್ಲ, ಮೀಸೆ ಬೆಳ್ಳಗೆ ಉಳಿಯುತ್ತದೆ. ಮರೆತುಹೋದ ಒಂದೆರಡಕ್ಕೆ ಬಿಳಿ ಜೆಲ್ ಪೆನ್ ಇದೆ, ಆದರೆ ಅದು ಅಂಟಿಸಿದ ಹಾಗೆ ಕಾಣುತ್ತದೆ. ಕರಿಯನ ಮೂತಿಗೆ ವಾರ್ಮ್ ಗ್ರೇ ಮತ್ತು 102 ಕ್ರೀಮ್ ಎರಡೇ ಸಾಕಾಯಿತು.

ಪೆನ್ಸಿಲ್ ದುಂಡಗಿದೆ, ಮೇಜಿನಿಂದ ಉರುಳುತ್ತದೆ. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ. ಒಂದು ಸಲ ಬಿದ್ದ ಸೆಪಿಯಾ ಹೊರಗೆ ಏನೂ ಆಗದ ಹಾಗಿತ್ತು, ಮೆಂಡರ್‌ಗೆ ಹಾಕಿದರೆ ಕಡ್ಡಿ ತುಂಡು ತುಂಡಾಗಿ ಬರುತ್ತಿತ್ತು. ಈಗ ಮೇಜಿನ ಮೇಲೆ ಹಳೇ ಟವೆಲ್ ಹಾಸಿರುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಸೆಟ್‌ನಲ್ಲೂ ಇದೇ ಕಥೆ, ಪಾರ್ಸೆಲ್‌ನ ಮೂಲೆ ಜಜ್ಜಿಹೋಗಿತ್ತು, ಅಂಗಡಿಯವರು ವಾಪಸ್ ತೆಗೆದುಕೊಳ್ಳೋಕೆ ಒಪ್ಪಲಿಲ್ಲ. ಬೇಜಾರಾಯಿತು. ಅವತ್ತಿಂದ ಬೆಂಗಳೂರಿನ ಅಂಗಡಿಗೇ ಹೋಗಿ ಬಿಡಿಬಿಡಿಯಾಗಿ ತರುತ್ತೇನೆ. ಬಿಡಿ ಪೆನ್ಸಿಲ್ ಒಂದಕ್ಕೆ ನೂರು ರೂಪಾಯಿಗಿಂತ ಜಾಸ್ತಿ, ಕಮ್ಮಿ ಅಲ್ಲ. ಆದರೂ ಲೆಕ್ಕ ಹಾಕಿ ನೋಡಿ. ನನ್ನ ಮೊದಲ 24ರ ಡಬ್ಬಿಯಲ್ಲಿದ್ದ ಗುಲಾಬಿ, ನೇರಳೆ, ಗಿಣಿಹಸಿರು ಇನ್ನೂ ಹೊಸದರಂತೆ ಇವೆ, ವಾಲ್‌ನಟ್ ಬ್ರೌನ್ ಮಾತ್ರ ಮೂರನೆಯದು ನಡೆಯುತ್ತಿದೆ. ನಾಯಿಗಳನ್ನಷ್ಟೇ ಬಿಡಿಸುವವರಿಗೆ ಮೇಲೆ ಹೇಳಿದ ಬಣ್ಣಗಳ ಜೊತೆ ಎರಡು ಮೂರು ಬೂದು, ಮೂಗಿಗೆ ಮತ್ತು ನಾಲಿಗೆಗೆ ಒಂದು ತಿಳಿಗುಲಾಬಿ ಸಾಕು, ಅಲ್ವಾ?

ಪೆನ್ಸಿಲ್ ಮೇಲೆ ನಕ್ಷತ್ರದ ಗುರುತು ಇರುತ್ತದೆ, ಅದನ್ನೂ ನೋಡಿ ತೆಗೆದುಕೊಳ್ಳಿ. ಮೂರು ನಕ್ಷತ್ರ ಇದ್ದರೆ ಬೆಳಕಿಗೆ ಬಣ್ಣ ಬೇಗ ಮಾಸುವುದಿಲ್ಲ ಅಂತ ಅರ್ಥ. ಹಾಗಂತ ಚಿತ್ರವನ್ನು ಬಿಸಿಲಿಗೆ ನೇತುಹಾಕಬೇಡಿ.

ಮೇಷ್ಟ್ರಿಗೆ ಕರಿಯನನ್ನು ಗಾಜಿನ ಫ್ರೇಮ್ ಹಾಕಿಸಿ ಕೊಟ್ಟೆ. ಅವರು ಮೊದಲು ಕಿಟಕಿ ಎದುರಿನ ಗೋಡೆಗೆ ಹಾಕಿದ್ದರು. "ಅಲ್ಲಿ ಮಧ್ಯಾಹ್ನದ ಬಿಸಿಲು ಬೀಳುತ್ತೆ ಮೇಷ್ಟ್ರೇ" ಅಂದಿದ್ದಕ್ಕೆ ಅವತ್ತೇ ಬಿಚ್ಚಿ, ಬಾಗಿಲ ಪಕ್ಕ ಕರಿಯ ಮಲಗುತ್ತಿದ್ದ ಜಾಗದ ಮೇಲೆ ಮೊಳೆ ಹೊಡೆದರು.