ವಯಸ್ಸು ಹೇಳುವ ಕಿಟ್: ನಾನು ಕೇಳಿದ್ದು ಬೇರೆ, ಅದು ಹೇಳಿದ್ದು ಬೇರೆ

ಅಮ್ಮನಿಗೆ ಆಲ್‌ಝೈಮರ್ಸ್ ಇತ್ತು. ಕೊನೆಯ ಎರಡು ವರ್ಷ ನನ್ನನ್ನು ತನ್ನ ತಂಗಿ ಅಂದುಕೊಂಡಿದ್ದಳು. ನನಗೀಗ 52. ಯಾರದಾದರೂ ಹೆಸರು ತಕ್ಷಣ ನೆನಪಾಗದಿದ್ದರೆ ಎದೆ ಧಸಕ್ ಅನ್ನುತ್ತದೆ. ಅದಕ್ಕೇ ದೇಹದ ನಿಜವಾದ ವಯಸ್ಸು ಹೇಳುವ ಕಿಟ್ ಒಂದನ್ನು ತರಿಸಿದೆ.

ಬಳಸೋದು ಸುಲಭ. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು ಟ್ಯೂಬಿನ ಗೆರೆಯವರೆಗೆ ಎಂಜಲು ತುಂಬಿಸಬೇಕು. ನೊರೆ ಲೆಕ್ಕಕ್ಕಿಲ್ಲ. ನನ್ನದು ಒಣಬಾಯಿ, ಹತ್ತು ನಿಮಿಷ ಹಿಡಿಯಿತು. ಮುಚ್ಚಳ ತಿರುಗಿಸಿದರೆ ಅದರೊಳಗಿನ ದ್ರವ ಕೆಳಗಿಳಿದು ಸ್ಯಾಂಪಲ್ ಕೆಡದಂತೆ ಕಾಯುತ್ತದೆ.

ಕಿಟ್‌ನವರು ನೋಡೋದು ಡಿಎನ್‌ಎ ಮೇಲಿನ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತುಗಳನ್ನು. ವಯಸ್ಸಾದಂತೆ ಕೆಲವು ಕಡೆ ಇವು ಹೆಚ್ಚುತ್ತವೆ, ಕೆಲವು ಕಡೆ ಕಮ್ಮಿಯಾಗುತ್ತವೆ. 2013ರಲ್ಲಿ ಸ್ಟೀವ್ ಹೋರ್ವತ್ ಅನ್ನುವ ವಿಜ್ಞಾನಿ ಇಂಥ 353 ಜಾಗ ಆರಿಸಿ ವಯಸ್ಸಿನ ಲೆಕ್ಕ ಕಟ್ಟಿದರು. ವಿಜ್ಞಾನ ಸುಳ್ಳಲ್ಲ.

ರಿಪೋರ್ಟ್ ಬಂತು: 47. ಖುಷಿಯಲ್ಲಿ ಆ ರಾತ್ರಿ ನಿದ್ದೆಯೇ ಬರಲಿಲ್ಲ. ಆರು ವಾರದ ನಂತರ ಅದೇ ಕಿಟ್ ಇನ್ನೊಂದು ಮಾಡಿದೆ: 53. ಈ ಲೆಕ್ಕದಲ್ಲಿ ಒಂದೇ ಸ್ಯಾಂಪಲ್ ಎರಡು ಸಲ ಓದಿದರೂ ಕೆಲವು ವರ್ಷ ಹೆಚ್ಚುಕಮ್ಮಿ ಬರಬಹುದಂತೆ. ಅದನ್ನು ಡಬ್ಬಿಯ ಮೇಲೇ ಹಾಕಬೇಕಿತ್ತು, ಅಲ್ವಾ? ಅದರ ಬದಲು ಕೊನೇ ಪುಟದಲ್ಲಿ ಅವರದೇ ಮಾತ್ರೆಗಳ ಜಾಹೀರಾತು. ಇದು ನನಗೆ ಸರಿ ಕಾಣಲಿಲ್ಲ.

ನನಗೆ ಬೇಕಿದ್ದ ಉತ್ತರ ಒಂದೇ: ಅಮ್ಮನಿಗೆ ಬಂದದ್ದು ನನಗೂ ಬರುತ್ತಾ? 47 ಅಥವಾ 53 ಅದನ್ನು ಹೇಳಲ್ಲ. ಡಾಕ್ಟರನ್ನು ಕೇಳಿದೆ. ಆಲ್‌ಝೈಮರ್ಸ್ ಪತ್ತೆಗೆ ಪಿ-ಟೌ217 ಅನ್ನುವ ರಕ್ತಪರೀಕ್ಷೆ ಇದೆ, ಆದರೆ ಅದು ಮರೆವಿನ ಲಕ್ಷಣ ಕಾಣಿಸಿಕೊಂಡವರಿಗೆ ಅಂದರು. ಎಪಿಒಇ ಇ4 ಜೀನ್ ಇದ್ದರೆ ಅಪಾಯ ಜಾಸ್ತಿ, ಆದರೂ ಅದಿದ್ದವರಿಗೆಲ್ಲ ಕಾಯಿಲೆ ಬರಲ್ಲ. ಆಮೇಲೆ ಅವರೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯ ಬಗ್ಗೆ ಹೇಳಿದರು. ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳು ಅದರಲ್ಲಿವೆ. ಅಷ್ಟನ್ನೂ ನೋಡಿಕೊಂಡರೆ ಡಿಮೆನ್ಷಿಯಾ (ಆಲ್‌ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳು) ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನೋದು ಆಯೋಗದ ಅಂದಾಜು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಜೊತೆಗೆ ಕಿವಿ ಮಂದವಾಗೋದೂ ಅದರಲ್ಲಿದೆ.

ಮರೆವು ಶುರುವಾಗುವ ಎಷ್ಟೋ ವರ್ಷ ಮೊದಲೇ ಅಮ್ಮ ಟಿವಿ ಸೌಂಡ್ ಏರಿಸುತ್ತಿದ್ದಳು. ವಯಸ್ಸಾಯ್ತಲ್ಲ ಅಂತ ನಾವು ಸುಮ್ನಿದ್ದೆವು.

ಕಿಟ್‌ನ ಇಷ್ಟು ದಪ್ಪ ರಿಪೋರ್ಟಿನಲ್ಲಿ ಕಿವಿಯ ಬಗ್ಗೆ ಒಂದು ಸಾಲೂ ಇಲ್ಲ. ಮೂರನೇ ಕಿಟ್‌ನ ಆರ್ಡರ್ ಕ್ಯಾನ್ಸಲ್ ಮಾಡಿ ಕಿವಿ ಪರೀಕ್ಷೆ ಮಾಡಿಸಿದೆ. ಎಡಗಿವಿಗೆ ಕೀರಲು ಸದ್ದುಗಳು ಆಗಲೇ ಸರಿಯಾಗಿ ಕೇಳಿಸುತ್ತಿಲ್ಲ. ಮುಂದಿನ ವಾರ ಹಿಯರಿಂಗ್ ಏಡ್ ಹಾಕಿಸಿಕೊಳ್ಳುತ್ತಿದ್ದೇನೆ.