6 ರೂಪಾಯಿ ಬೋಟು, 40 ರೂಪಾಯಿ ಬೋಟು: ಕೊಚ್ಚಿಯಲ್ಲಿ ಎರಡನ್ನೂ ಹತ್ತಿದ ಮೇಲೆ

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಯಾವ ಬೋಟು ಒಳ್ಳೆಯದು ಅಂತ ಊರಿನ ಮೂರು ಜನ ಆಗಲೇ ಕೇಳಿಯಾಯಿತು. ಒಂದೇ ಸಲ ಬರೆದುಬಿಡುತ್ತೇನೆ. ಹೋಗುವಾಗ ಸರ್ಕಾರಿ ಬೋಟು, ಬರುವಾಗ ವಾಟರ್ ಮೆಟ್ರೋ. ಮಂಡಿ ನೋವಿನವರು ಜೊತೆಗಿದ್ದರೆ ಎರಡೂ ಸಲ ಮೆಟ್ರೋನೇ.

ನಾವು ಸಾಗರದವರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆಗುವ ತನಕ ಅಂಬಾರಗೋಡ್ಲು ದಡದಲ್ಲಿ ಲಾಂಚ್ ಕಾದು, ಬಸ್ಸಿನ ಸಮೇತ ಶರಾವತಿ ಹಿನ್ನೀರು ದಾಟಿದವರು. ಹಾಗಾಗಿ ಬೋಟು ಅಂದರೆ ಹೊಸದೇನಲ್ಲ. ಕೊಚ್ಚಿಗೆ ಎರಡು ಸಲ ಹೋಗಿದ್ದೇನೆ, ಮೊದಲು ಗೆಳೆಯನ ಜೊತೆ, ಆಮೇಲೆ ಅಮ್ಮನ ಜೊತೆ. ಹುಲಿಕಲ್ ಘಾಟಿ ಇಳಿದು ಮಂಗಳೂರು, ಅಲ್ಲಿಂದ ರಾತ್ರಿ ರೈಲು. ಬೆಳಕು ಹರಿಯುವ ಮೊದಲೇ ಎರ್ನಾಕುಲಂ.

ಸರ್ಕಾರಿ ಬೋಟು ಸುಭಾಷ್ ಪಾರ್ಕ್ ಹತ್ತಿರದ ಜೆಟ್ಟಿಯಿಂದ ಹೊರಡುತ್ತದೆ. ನಾವು ಹೋದಾಗ ಟಿಕೆಟ್ 6 ರೂಪಾಯಿ, ಹೆಚ್ಚುಕಮ್ಮಿ ಇಪ್ಪತ್ತು ನಿಮಿಷದ ದಾರಿ. ಕಿಟಕಿಗೆ ಗಾಜಿಲ್ಲ, ಗಾಳಿ ಮುಖಕ್ಕೇ ಹೊಡೆಯುತ್ತದೆ, ಇಂಜಿನ್ ಸದ್ದಿಗೆ ಮಾತು ಕೇಳುವುದಿಲ್ಲ, ಪಕ್ಕದಲ್ಲಿ ಕೆಲಸಕ್ಕೆ ಹೋಗುವವರು ಟಿಫಿನ್ ಬ್ಯಾಗ್ ತೊಡೆ ಮೇಲಿಟ್ಟುಕೊಂಡು ತೂಕಡಿಸುತ್ತಿರುತ್ತಾರೆ, ಆ ಕಡೆ ವಿಲಿಂಗ್ಡನ್ ದ್ವೀಪ ಕಾಣುತ್ತದೆ. ಬಂದರು ಮಾಡುವಾಗ ನೀರಿನಡಿಯಿಂದ ತೆಗೆದ ಹೂಳು ಸುರಿದು ಮಾಡಿದ ದ್ವೀಪವಂತೆ ಅದು ಅಂದಾಗ ಅಮ್ಮ ನಂಬಲೇ ಇಲ್ಲ. ಕಷ್ಟ ಅಂದರೆ ಹತ್ತುವುದು. ಜೆಟ್ಟಿಗೂ ಬೋಟಿಗೂ ನಡುವೆ ಒಂದು ಸಂದು, ಅಡಿಯಲ್ಲಿ ನೀರು, ಬೋಟು ತೊನೆಯುತ್ತಲೇ ಇರುತ್ತದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಎರಡು ಸಲ ಕಾಲು ಮುಂದಿಟ್ಟು ಎರಡು ಸಲವೂ ಹಿಂದೆ ತೆಗೆದಳು. ಹಗ್ಗ ಹಿಡಿದಿದ್ದವನು ಏನೂ ಮಾತಾಡದೆ ತನ್ನ ಮೊಣಕೈ ಚಾಚಿದ. ಅದನ್ನು ಹಿಡಿದೇ ಹತ್ತಿದಳು.

ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾದದ್ದು. ಹೈಕೋರ್ಟ್ ಟರ್ಮಿನಲ್‌ನಿಂದ ಫೋರ್ಟ್ ಕೊಚ್ಚಿಗೆ ನಾವು ಹೋದಾಗ 40 ರೂಪಾಯಿ. ಎಸಿ, ಬ್ಯಾಟರಿ ಬೋಟು, ಸದ್ದೇ ಇಲ್ಲ. ಇಲ್ಲಿ ಜೆಟ್ಟಿಯೇ ತೇಲುತ್ತದೆ. ಉಬ್ಬರ ಬಂದಾಗ ಅದೂ ಮೇಲೆ, ಇಳಿತಕ್ಕೆ ಅದೂ ಕೆಳಗೆ, ಹಾಗಾಗಿ ಬೋಟಿನ ನೆಲ ಸಮಕ್ಕೇ ಇರುತ್ತದೆ. ಜಗಲಿಯಿಂದ ನಡುಮನೆಗೆ ಹೋದ ಹಾಗೆ ಅಮ್ಮ ಒಳಗೆ ನಡೆದುಹೋದಳು. ದಿನವಿಡೀ ಸುತ್ತಿ ಕಾಲು ಸೋತಾಗ ಇದೇ ಸುಖ. ಆದರೆ ಬೆಳಗ್ಗೆ ಹೋಗುವಾಗ ಗಾಜಿನ ಹಿಂದೆ ಕೂತು ಸಮುದ್ರ ನೋಡುವುದು ನನಗೆ ಸಪ್ಪೆ ಅನ್ನಿಸಿತು, ಉಪ್ಪು ಗಾಳಿ ಇಲ್ಲದ ಮೇಲೆ ಕೊಚ್ಚಿ ಎಂತದು?

ಈ ಎರಡರ ಪೈಪೋಟಿಯಲ್ಲಿ ಗೆದ್ದದ್ದು ಮಾತ್ರ ಮೂರನೆಯದು. ಫೋರ್ಟ್ ಕೊಚ್ಚಿಯಿಂದ ಎದುರಿನ ವೈಪಿನ್‌ಗೆ ಗಾಡಿ ಸಮೇತ ದಾಟಿಸುವ ರೋ-ರೋ ಇದೆ. ಥೇಟ್ ನಮ್ಮ ಲಾಂಚು. ಕಾರು, ಬೈಕು, ನಡುವೆ ಜನ. ಅದರ ಹೆಸರು ‘ಸೇತು ಸಾಗರ’! ನಮ್ಮಲ್ಲಿ ಸೇತುವೆ ಬಂದು ಲಾಂಚ್ ತಪ್ಪಿತು, ಇಲ್ಲಿ ಲಾಂಚಿಗೇ ಸೇತು ಅಂತ ಹೆಸರು. ಸುಮ್ನೆ ಹೋಗಿ ಸುಮ್ನೆ ವಾಪಸ್ ಬಂದೆವು. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಇದೇ.

ಫೋರ್ಟ್ ಕೊಚ್ಚಿ ಒಳಗೆ ನಡೆಯುವುದಾ, ಆಟೋನಾ? ಚೀನಾ ಮೀನುಬಲೆಗಳು, 1503ರ ಸಂತ ಫ್ರಾನ್ಸಿಸ್ ಚರ್ಚು (ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲೇ, ಆಮೇಲೆ ಪೋರ್ಚುಗಲ್‌ಗೆ ಒಯ್ದರು), ಇಷ್ಟಕ್ಕೆ ಕಾಲೇ ಸಾಕು. ಡಚ್ ಅರಮನೆ, ಯಹೂದಿ ಸಿನಗಾಗಿ (ಪ್ರಾರ್ಥನಾ ಮಂದಿರ) ಇರುವ ಮಟ್ಟಾಂಚೇರಿಗೆ ಮಾತ್ರ ಆಟೋ ಬೇಕು. ಮೊದಲನೇ ಸಲ ತೀರಾ ಕಮ್ಮಿ ರೇಟು ಹೇಳಿದವನ ಆಟೋ ಹತ್ತಿ ಕೆಟ್ಟೆವು. ಎರಡು ಅಂಗಡಿಗೆ ಕರೆದುಕೊಂಡು ಹೋಗಿ, ಸುಮ್ನೆ ನೋಡಿ ಬನ್ನಿ ಸಾರ್ ಅಂದ. ಕಾರ್ಪೆಟ್ಟು ನೋಡುತ್ತಾ ಒಂದು ಗಂಟೆ ಹೋಯಿತು. ಕಮಿಷನ್ ವ್ಯವಹಾರ, ಗೊತ್ತಾಯ್ತಲ್ವಾ. ಸಾಲದ್ದಕ್ಕೆ ಅವತ್ತು ಶುಕ್ರವಾರ. ಡಚ್ ಅರಮನೆಗೂ ರಜೆ, 1568ರ ಯಹೂದಿ ಸಿನಗಾಗಿಗೂ ರಜೆ. ಅದು ನಮ್ಮದೇ ತಪ್ಪು. ಸಿನಗಾಗಿ ಶನಿವಾರವೂ ಇಲ್ಲ, ನೆನಪಿರಲಿ. ಅಮ್ಮನ ಜೊತೆ ಹೋದಾಗ ಒಳಗೆ ಹೋದೆವು. ನೆಲದ ನೀಲಿ ಚೀನಾ ಹಂಚುಗಳು ಕೈಯಲ್ಲಿ ಚಿತ್ರ ಬರೆದವು, ಒಂದರ ಹಾಗೆ ಇನ್ನೊಂದಿಲ್ಲ.

ಇನ್ನು ಶಾಪಿಂಗ್. ಸಿನಗಾಗಿ ಪಕ್ಕದ ಅಂಗಡಿ ಬೀದಿ ಜ್ಯೂ ಟೌನ್ ನೋಡಲಿಕ್ಕೆ ಚಂದ, ಕೊಳ್ಳಲಿಕ್ಕೆ ಎರ್ನಾಕುಲಂನ ಬ್ರಾಡ್‌ವೇ. ಬ್ರಾಡ್‌ವೇಯಲ್ಲಿ ಊರಿನವರೇ ಸಾಮಾನು ತಗೊಳ್ಳುತ್ತಾರೆ, ಹಾಗಾಗಿ ಟೂರಿಸ್ಟ್ ರೇಟು ನಡೆಯುವುದಿಲ್ಲ. ಅಪ್ಪಯ್ಯನಿಗೆ ಮುಂಡು, ತೆಂಗಿನೆಣ್ಣೆಯಲ್ಲಿ ಆಗಷ್ಟೇ ಕರಿದ ನೇಂದ್ರ ಬಾಳೆ ಚಿಪ್ಸು, ಲವಂಗ, ಎಲ್ಲ ಅಲ್ಲೇ. ಚಿಪ್ಸಿನ ಪೊಟ್ಟಣ ರೈಲು ಹತ್ತುವಾಗಲೂ ಬೆಚ್ಚಗಿತ್ತು.

ಜ್ಯೂ ಟೌನಿನಲ್ಲಿ ಗೋಣಿಚೀಲದ ಬಾಯಿ ಮಡಚಿ ಕಾಳುಮೆಣಸು ಇಟ್ಟಿದ್ದರು. ನಾನು ರೇಟು ಕೇಳಿದ್ದಷ್ಟೇ. “ಎಂತಕ್ಕೆ ಮಾರಾಯ, ಮನೇಲೇ ಎರಡು ಚೀಲ ಇದೆಯಲ್ಲ,” ಅಂದಳು ಅಮ್ಮ. ಆದರೂ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ಒಂದನ್ನು ಕಚ್ಚಿದಳು. ನಮ್ಮ ಅಡಿಕೆ ಮರಕ್ಕೆ ಹಬ್ಬಿಸಿದ್ದು ಪಣಿಯೂರು, ಅದೂ ಕೇರಳದಿಂದ ಬಂದ ತಳಿಯೇ. ಅಂಗಡಿಯವನು ನಕ್ಕ. ಸಂಕೋಚಕ್ಕೆ ನೂರು ಗ್ರಾಂ ಕಟ್ಟಿಸಿಕೊಂಡೆವು.

ಮನೆಗೆ ಬಂದು ಎರಡು ಲೋಟ ನೀರಿಗೆ ಅದನ್ನಷ್ಟು, ನಮ್ಮದನ್ನಷ್ಟು ಹಾಕಿದೆವು. ಜೊಳ್ಳು ಕಾಳು ತೇಲುತ್ತದೆ. ತೇಲಿದ್ದು ನಮ್ಮದೇ ಜಾಸ್ತಿ. ಅವರದ್ದು ಜರಡಿ ಹಿಡಿದ ಮಾಲು, ನಮ್ಮದು ಅಂಗಳದಿಂದ ಸೀದಾ ಚೀಲಕ್ಕೆ ತುಂಬಿದ್ದು, ಹೋಲಿಸಿದರೆ ಹೇಗೆ ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ.