1962 ದನದ ಡಾಕ್ಟರ ಗಾಡಿ: ಮದ್ದಿಗಿಂತ ಆ ಒಂದು ಮಾತಿಗೆ ಮಾರ್ಕು

ಕುಷ್ಟಗಿ ತಾಲೂಕಿನ ನಮ್ಮ ಊರಲ್ಲಿ ನನಗೆ ಮೂರು ಆಕಳು. ಹದಿನಾಲ್ಕು ಮನೆಗೆ, ಒಂದು ಚಹಾದಂಗಡಿಗೆ ಹಾಲು ಹಾಕುತ್ತೇನೆ. ಹೋದ ಮಳೆಗಾಲ ಕೆಂದಿಯ ಕೊರಳ ಮೇಲೆ ಗಂಟು ಎದ್ದವು. ಎರಡೇ ದಿನಕ್ಕೆ ಕೆಚ್ಚಲಿನವರೆಗೂ ಬಂದವು. ಚರ್ಮಗಂಟು ರೋಗ ನನಗೆ ಹೊಸದಲ್ಲ. 2022ರಲ್ಲಿ ಅದಕ್ಕೇ ಒಂದು ಕರು ಹೋಯಿತು.

ದನದ ಡಾಕ್ಟರ ಗಾಡಿಯನ್ನು ಮನೆಗೇ ಕರೆಸುವ ಸರ್ಕಾರದ ನಂಬರು 1962ಕ್ಕೆ ಫೋನ್ ಮಾಡಿದೆ. ಮಧ್ಯಾಹ್ನಕ್ಕೆ ಗಾಡಿ ಬಾಗಿಲಲ್ಲಿತ್ತು. ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. "ಈಕಿ ಏನ್ ದನ ಹಿಡೀತಾಳ" ಅಂತ ನಮ್ಮತ್ತೆ ಗೊಣಗಿದರು. ನನಗೇ ಒದೆಯುವ ಕೆಂದಿ ಅವರ ಮುಂದೆ ಸುಮ್ನೆ ನಿಂತಿತು! ಜ್ವರಕ್ಕೆ, ಹುಣ್ಣಿಗೆ ಸೂಜಿ ಮಾಡಿದರು. ಬೇರೆ ಕಟ್ಟಿ, ಬೇವಿನ ಹೊಗೆ ಹಾಕಿ ಅಂದರು. ನೊಣ, ಸೊಳ್ಳೆ, ಉಣ್ಣಿ ಹುಳದಿಂದ ಹರಡುತ್ತದಂತೆ. ಉಳಿದ ಎರಡಕ್ಕೆ ಆಡಿನ ಸಿಡುಬಿನ ಲಸಿಕೆ ಹಾಕಿಸಲು ಹೇಳಿದರು. ಆಡಿನದು ಆಕಳಿಗೂ ನಡೆಯುತ್ತದೆ ಅಂತ ಅವತ್ತೇ ತಿಳಿದದ್ದು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ಯಕ್ಕಾ, ಈ ರೋಗ ಮನಷ್ಯಾರಿಗೆ ಬರೂದಿಲ್ಲ. ಆದ್ರ ಸೂಜಿ ಮಾಡೀನಿ, ಅದು ಹಾಲಿನ್ಯಾಗ ಇಳೀತದ. ಕಾಸಿದ್ರೂ ಹೋಗೂದಿಲ್ಲ. ನಾ ಹೇಳೂ ತನಕ ಈಕಿ ಹಾಲು ಯಾರಿಗೂ ಹಾಕಬ್ಯಾಡ್ರಿ."

ಮರುದಿನ ಒಂಬತ್ತು ಮನೆಯವರು ಹಾಲು ಬೇಡ ಅಂದರು. ಗಂಟಿನ ಹೆದರಿಕೆ. ಅವರಿಗೆ ಹಾಕುತ್ತಿದ್ದದ್ದು ಉಳಿದ ಎರಡು ಆಕಳ ಹಾಲು, ಹೇಳಿದರೂ ಕೇಳಲಿಲ್ಲ. ಸೂಜಿ ಮಾಡಿದ್ದಾರಾ ಅಂತ ಒಬ್ಬರೂ ಕೇಳಲಿಲ್ಲ ನೋಡಿ. ಕೇಳಬೇಕಾದದ್ದು ಅದನ್ನೇ ಅಲ್ವಾ? ದಿನಾ ಹಿತ್ತಲಲ್ಲಿ ಹಾಲು ಚೆಲ್ಲುವಾಗ ನಮ್ಮತ್ತೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಎರಡನೇ ಸಲ ಬಂದಾಗ ಡಾಕ್ಟರು ಕಟ್ಟೆಯ ಮೇಲೆ ಕೂತವರಿಗೆ ತಾವೇ ಬಿಡಿಸಿ ಹೇಳಿದರು. ಆ ವಾರದಲ್ಲೇ ಏಳು ಮನೆ ವಾಪಸ್ ಬಂದವು.

ಹಳೆಯ ಸಿಟ್ಟೊಂದಿದೆ, ಈ ಗಾಡಿಗೆ ಸಂಬಂಧವಿಲ್ಲ. 2022ರಲ್ಲಿ ಸರ್ಕಾರ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಅಂದಿತ್ತು. ನನ್ನ ಕಾಗದ ಒಂದು ಕಚೇರಿಯ ಮೇಜಿಂದ ಮೇಜಿಗೆ ತಿರುಗಿ ಅಲ್ಲೇ ಉಳಿಯಿತು. ಐದು ಸಲ ಬಸ್ಸು ಹತ್ತಿ ಇಳಿದು ಬಿಟ್ಟುಬಿಟ್ಟೆ.

ಗಾಡಿಗೆ ಮಾತ್ರ ಐದಕ್ಕೆ ಐದು. ಕೆಂದಿ ಈಗ ಹೊತ್ತಿಗೆ ಎರಡು ಲೀಟರ್ ಕೊಡುತ್ತದೆ, ಮೊದಲು ಮೂರಿತ್ತು. ಚಹಾದಂಗಡಿಯ ಅಣ್ಣ ಇನ್ನೂ ಪಾಕೀಟು ಹಾಲನ್ನೇ ತರುತ್ತಾನೆ.